ಯಾರ ಬಾವುಟ ಮೇಲೆ

ವಿಂಡ್‌ವರ್ಡ್ ಗ್ರಾಮ, ಕ್ಯಾರಿಯಾಕೂ
2 ಅಕ್ಟೋಬರ್ 1961

ಶ್ರೀಮತಿ ಅಯಾಂತಿ ಗಿಟ್ಟೆನ್ಸ್ ಅವರಿಗೆ ಕ್ಲೀಟಸ್ ಮೆಕ್ಲಾರೆನ್ ಮಾಡುವ ನಮಸ್ಕಾರಗಳು.

ನಿಮ್ಮ ಮಗ ಡೆನ್ಜಿಲ್ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಿಂದ ಬರೆದ ಕಾಗದ ತಲುಪಿತು. ನನ್ನ ಮಗಳು ಇನೆಜ್‌ಳನ್ನು ಕೊಟ್ಟು ಮದುವೆ ಮಾಡಿ ಎಂದು ಕೇಳಿದ್ದಾನೆ. ಇಬ್ಬರೂ ಅಲ್ಲಿನ ಒಕ್ಕೂಟ ಸರ್ಕಾರದ ಕಚೇರಿಯಲ್ಲಿದ್ದಾರೆ. ಅವನು ಗುಮಾಸ್ತ, ಇವಳು ಟೈಪಿಸ್ಟ್. ಹತ್ತು ದ್ವೀಪಗಳನ್ನು ಒಂದು ಮಾಡಿ ಎಂದು ಸಂಬಳ ಕೊಟ್ಟು ಕೂರಿಸಿದರೆ ಇವರಿಬ್ಬರೇ ಒಂದಾಗಿದ್ದಾರೆ. ಸರ್ಕಾರಿ ಕೆಲಸ ಇಷ್ಟಾದರೂ ಮುಂದಕ್ಕೆ ಹೋಯಿತಲ್ಲ ಎಂದು ನನಗೆ ಸಮಾಧಾನ.

ಆದರೆ ನಮ್ಮೂರಲ್ಲಿ ಹುಡುಗ ಬರೆದ ಕಾಗದ ಕಾಗದವಲ್ಲ. ಹುಡುಗನ ಹಿರಿಯರು ಬರೆಯಬೇಕು, ಹುಡುಗಿಯ ಹಿರಿಯರು ಅದನ್ನು ಜೋರಾಗಿ ಓದಬೇಕು, ಕೇಳಿದವರು ಅದರಲ್ಲಿ ತಪ್ಪು ಹುಡುಕಬೇಕು. ಒಂದು ತಿಂಗಳು ಕಾದೆ, ನಿಮ್ಮಿಂದ ಬರಲಿಲ್ಲ. ಬಾರ್ಬಡೋಸಿನಲ್ಲಿ ಹೆಣ್ಣಿನ ಕಡೆಯವರೇ ಮೊದಲು ಬರೆಯುವುದು ರೂಢಿಯೇನೋ ಎಂದುಕೊಂಡು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಾನು ಹಾಯಿದೋಣಿ ಕಟ್ಟುವವನು. ಯೌವನದಲ್ಲಿ ಕೆಲವು ವರ್ಷ ಹಿಲ್ಸ್‌ಬರೋದ ಶಾಲೆಯಲ್ಲಿ ಪಾಠ ಹೇಳಿದ್ದೆ. ಮಕ್ಕಳಿಗಿಂತ ಮರ ಹೆಚ್ಚು ಮಾತು ಕೇಳುತ್ತದೆ ಎಂದು ತಿಳಿದ ಮೇಲೆ ಬಿಟ್ಟೆ. ಹೆಂಡತಿ ತೀರಿಹೋಗಿದ್ದಾಳೆ. ಅವಳ ಪಾಲಿನ ಬೈಗುಳವನ್ನು ನನ್ನ ಅಕ್ಕ ಲಿಟಾ ನಿರ್ವಹಿಸುತ್ತಾಳೆ.

ನಮ್ಮಲ್ಲಿ ಚರ್ಚಿನ ಮದುವೆ ಮುಗಿದ ಮೇಲೆ ನಿಜವಾದ ಮದುವೆ ಶುರು. ಹೆಣ್ಣಿನ ಮನೆಯದೊಂದು ಬಾವುಟ, ಗಂಡಿನ ಮನೆಯದೊಂದು ಬಾವುಟ. ಹಿಡಿದವರು ಡೋಲಿನ ಪೆಟ್ಟಿಗೆ ಬೀದಿಯಲ್ಲಿ ಎದುರುಬದುರಾಗಿ ಕುಣಿಯುತ್ತ, ತಮ್ಮದನ್ನು ಇನ್ನೊಂದರ ಮೇಲೆ ಹಾಕಲು ನೋಡುತ್ತಾರೆ. ಕೇಕುಗಳೂ ಎರಡು, ಅವೂ ತಲೆಯ ಮೇಲೆ ಕೂತು ಕುಣಿಯುತ್ತವೆ. ಕೊನೆಗೆ ಗಂಡಿನ ಬಾವುಟವೇ ಮೇಲೆ ನಿಲ್ಲಬೇಕೆಂಬುದು ಪದ್ಧತಿ. ಆದರೆ ಲಿಟಾ ಕುಣಿದ ಮದುವೆಗಳಲ್ಲಿ ಪದ್ಧತಿಗೆ ಬೆವರಿಳಿದಿದೆ.

ಅದಕ್ಕೆ ಹಿಂದಿನ ದಿನ ಹಿರಿಯರಿಗೆ ಎಡೆ. ಒಳಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಾಡಿದ್ದೆಲ್ಲವನ್ನೂ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚುತ್ತೇವೆ. ಸತ್ತವರು ಉಂಡು ಒಪ್ಪಿದ ಮೇಲೆ ಬದುಕಿದವರ ಊಟ.

ನೀವು ತರಬೇಕಾದದ್ದು ನಿಮ್ಮ ಮನೆಯ ಬಾವುಟ, ನಿಮ್ಮ ಮನೆಯ ಕೇಕು, ಅಷ್ಟೇ. ಜನವರಿಯಲ್ಲಿ ಇಟ್ಟುಕೊಳ್ಳೋಣವೇ? ಮೊನ್ನೆ ಜಮೈಕಾದವರು ಮತ ಹಾಕಿ ಒಕ್ಕೂಟ ಬೇಡವೆಂದರು. ದೊಡ್ಡ ನೆಂಟ ಊಟಕ್ಕೆ ಮೊದಲೇ ಎದ್ದು ಹೋದರೆ ಚಪ್ಪರದಲ್ಲಿ ಕೂತವರಿಗೆ ಹೇಗಾಗುತ್ತದೋ ಹಾಗಾಗಿದೆ. ಉಳಿದವರು ಏಳುವ ಮೊದಲು ಮುಗಿಸುವುದು ಮೇಲು.

ಬೀಗರಾದವರು ಸ್ವಲ್ಪ ಬೀಗಬೇಕು. ಮೊದಲ ಸರದಿ ನಿಮ್ಮದು.

ಕ್ಲೀಟಸ್ ಮೆಕ್ಲಾರೆನ್


ಸ್ಪೈಟ್ಸ್‌ಟೌನ್, ಬಾರ್ಬಡೋಸ್
6 ನವೆಂಬರ್ 1961

ಶ್ರೀ ಮೆಕ್ಲಾರೆನ್ ಅವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ತಮಾಷೆಗಾಗಿ, ಇನ್ನೊಂದು ಸಲ ವಿಷಯಕ್ಕಾಗಿ. ಎರಡನೆಯ ಓದು ಬೇಗ ಮುಗಿಯಿತು.

ನಾನು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಗಂಡ ಇಲ್ಲ. ಡೆನ್ಜಿಲ್ ಒಬ್ಬನೇ ಮಗ. ನಿಮ್ಮ ಹುಡುಗಿ ಹೇಗೆ ಎಂದು ಕೇಳಿದ್ದಕ್ಕೆ, "ಅಮ್ಮ, ಅವಳು ನಕ್ಕರೆ ಕಚೇರೀಲಿ ಟೈಪ್‌ರೈಟರೆಲ್ಲ ನಿಂತ್‌ಹೋಗ್ತವೆ" ಎಂದ. ಸರ್ಕಾರದ ಕೆಲಸ ನಿಲ್ಲಿಸುವ ಹುಡುಗಿಯ ಬಗ್ಗೆ ಯೋಚಿಸಲು ನನಗೆ ಒಂದು ತಿಂಗಳು ಬೇಕಾಯಿತು. ನನ್ನ ತಡಕ್ಕೆ ಅದು ಕಾರಣ, ರೂಢಿಯಲ್ಲ.

ಮದುವೆ ಇಲ್ಲಿ, ನಮ್ಮ ಚರ್ಚಿನಲ್ಲಿ ಆಗಲಿ. ಆಮೇಲೆ ನಮ್ಮ ಅಂಗಳದಲ್ಲಿ ಚಹಾ. ಬೀದಿಯಲ್ಲಿ ಕುಣಿಯುವುದಾಗಲಿ ಸತ್ತವರಿಗೆ ಬಡಿಸುವುದಾಗಲಿ ನಮ್ಮಲ್ಲಿಲ್ಲ. ನಮ್ಮ ಹಿರಿಯರು ಚರ್ಚಿನ ಹಿತ್ತಲಲ್ಲಿ ಶಿಸ್ತಾಗಿ ಮಲಗಿದ್ದಾರೆ. ಊಟಕ್ಕೆ ಎಬ್ಬಿಸುವುದು ಸರಿಯಲ್ಲ. ಅಂದಹಾಗೆ, ನಿಮ್ಮ ಕಡೆ ಮೆಕ್ಕೆಜೋಳದ ಮುದ್ದೆಗೆ ಬೆಂಡೆಕಾಯಿ ಹಾಕುವುದಿಲ್ಲವೆಂದು ಡೆನ್ಜಿಲ್ ಹೇಳಿದ. ನಾನು ನಂಬಲಿಲ್ಲ.

ಜನವರಿ ಸಾಧ್ಯವಿಲ್ಲ. ಈಗ ರಜೆ ಹಾಕಿದರೆ ಅವನಿಗೆ ಬಡ್ತಿ ತಪ್ಪುತ್ತದೆ. ಜಮೈಕಾ ಹೋದರೆ ಒಕ್ಕೂಟವೇ ಹೋಗುವುದಿಲ್ಲ. 1958ರಲ್ಲಿ ಅದು ಹುಟ್ಟಿದ ದಿನ ನನ್ನ ಶಾಲೆಯ ಹುಡುಗಿಯರು ಹಾಡಿದ್ದರು. ಹಾಡು ಮುಗಿಯುವ ಮೊದಲೇ ಎದ್ದು ಹೋಗುವವಳು ನಾನಲ್ಲ.

ಅಯಾಂತಿ ಗಿಟ್ಟೆನ್ಸ್


ವಿಂಡ್‌ವರ್ಡ್
10 ಡಿಸೆಂಬರ್ 1961

ಬೀಗಿತಿಯವರೇ (ಇನ್ನೂ ಆಗಿಲ್ಲ, ಬಾಯಿಗೆ ರೂಢಿಯಾಗಲಿ ಎಂದು),

ನಿಮ್ಮ ಕಾಗದವನ್ನು ಪದ್ಧತಿಯಂತೆ ಜೋರಾಗಿ ಓದಿದೆ. "ಚಹಾ" ಎಂಬಲ್ಲಿಗೆ ಬಂದಾಗ ಲಿಟಾ ಕೈ ಎತ್ತಿ ನಿಲ್ಲಿಸಿದಳು.

"ಏನು, ಟೀ ಅಂತಾನಾ? ಮದ್ವೇಲಿ? ಯಾರಿಗಾದ್ರೂ ಹುಷಾರಿಲ್ವಾ?"

"ಅದು ಅವರ ಕಡೆ ಮರ್ಯಾದೆ, ಅಕ್ಕ."

"ಮರ್ಯಾದೆ ಕುಡ್ದು ಯಾರಾದ್ರೂ ಕುಣ್ದಿದ್ದು ನೋಡಿದೀಯೇನೋ? ಆ ಟೀಚರಮ್ಮನಿಗೆ ಬರಿ. ನಮ್ಮ ಹುಡುಗಿ ಎಡೆ ಇಡದೆ ಹೊಸಿಲು ದಾಟಲ್ಲ. ನಾಳೆ ಅವಳಮ್ಮ ಕನಸಿನಾಗೆ ಬಂದು 'ನನ್ನ ಮಗಳ ಮದ್ವೇಲಿ ನಂಗೇನಿಟ್ರಿ' ಅಂದ್ರೆ ನಾನೇನ್ ಹೇಳ್ಲಿ? ಬಿಸ್ಕತ್ತು ಕೊಟ್ರು ಅಂತಾನಾ?"

ಬಿಸ್ಕತ್ತನ್ನು ಬಿಟ್ಟರೆ ಉಳಿದದ್ದು ನನ್ನ ಮಾತೂ ಹೌದು. ಇನೆಜ್‌ಗೆ ತಾಯಿ ಎಂದು ಉಳಿದಿರುವುದು ಆ ಎಡೆಯ ಮುಂದಿನ ಖಾಲಿ ಕುರ್ಚಿ ಮಾತ್ರ.

ಜಗಳವೇ ಬೇಡ, ಮೂರನೆಯ ದ್ವೀಪವೊಂದನ್ನು ಹುಡುಕೋಣ ಎಂದೆ. ಸೇಂಟ್ ವಿನ್ಸೆಂಟ್ ಬೇಡ, ಅಲ್ಲಿಯವರು ಕೋಳಿಯನ್ನು ಬೇಯಿಸುವುದಿಲ್ಲ, ಬೆಂಕಿ ತೋರಿಸಿ ಹೆದರಿಸಿ ಬಡಿಸುತ್ತಾರೆ ಎಂದಳು ಲಿಟಾ. ಗ್ರೆನಡಾ ಎಂದೆ. ಅವರು ನಮ್ಮನ್ನು ಆಳುವುದೇ ಸಾಕು, ಉಣ್ಣಿಸುವುದೂ ಬೇಡ ಎಂದಳು. ಒಕ್ಕೂಟದವರು ರಾಜಧಾನಿ ಎಲ್ಲಿರಬೇಕೆಂದು ವರ್ಷಗಟ್ಟಲೆ ಏಕೆ ಕಚ್ಚಾಡಿದರೆಂದು ನನಗೆ ತಿಳಿದದ್ದು ಆ ಸಂಜೆ.

ಇನ್ನೊಂದು ಮಾತು. ನಿಮ್ಮ ದ್ವೀಪ ಗಾಳಿಯ ಮೇಲ್ಗಡೆ ಇದೆ. ಅಲ್ಲಿಂದ ಇಲ್ಲಿಗೆ ದೋಣಿ ತಾನಾಗಿ ಜಾರಿ ಬರುತ್ತದೆ. ಇಲ್ಲಿಂದ ಅಲ್ಲಿಗೆ ಗಾಳಿಯೊಡನೆ ವಾದ ಮಾಡುತ್ತ ಏರಬೇಕು. ಆದ್ದರಿಂದ ನೀವೇ ಇಳಿದು ಬರುವುದು ನ್ಯಾಯ.

ಜನವರಿ ಬಿಟ್ಟೆ. ಈಸ್ಟರ್ ಆದ ಮೇಲೆ? ಇನೆಜ್ ಕ್ಷೇಮ. ಅವಳಿಲ್ಲದಿದ್ದರೆ ಕಚೇರಿ ಒಂದು ಗಂಟೆ ನಡೆಯುವುದಿಲ್ಲವಂತೆ.

ಕ್ಲೀಟಸ್


ಸ್ಪೈಟ್ಸ್‌ಟೌನ್
26 ಫೆಬ್ರವರಿ 1962

ಶ್ರೀ ಮೆಕ್ಲಾರೆನ್ ಅವರಿಗೆ,

ನಾನು "ಇಳಿದು" ಬರಬೇಕೆಂದು ಬರೆದಿದ್ದೀರಿ. ಭೂಗೋಳ ಕಲಿಸಿದವಳಿಗೆ ಭೂಗೋಳದ ನೆಪದಲ್ಲಿ ಅವಳ ಸ್ಥಾನ ತೋರಿಸುವುದು ಜಾಣತನವಿರಬಹುದು. ಹತ್ತು ವಾರ ಉತ್ತರ ಬರೆಯದಿದ್ದದ್ದು ಅದಕ್ಕೆ.

ಈ ನಡುವೆ ಟ್ರಿನಿಡಾಡೂ ಒಕ್ಕೂಟ ಬಿಟ್ಟು ಹೊರಟಿತು. ರಾಜಧಾನಿಯೇ ರಾಜ್ಯವನ್ನು ಬಿಟ್ಟು ಹೋದ ಕಥೆಯನ್ನು ನಾನು ಯಾವ ಚರಿತ್ರೆಯ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಇರಲಿ. ಎಂಟು ದ್ವೀಪಗಳು ಉಳಿದಿವೆ, ಸೇರಿ ಇರೋಣವೆಂದು ಮಾತುಕತೆ ನಡೆದಿದೆ. ಅದರ ಕಚೇರಿ ಇಲ್ಲಿ ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಡೆನ್ಜಿಲ್ ಆಗಲೇ ಮನೆಗೆ ಬಂದು ಅದರ ತಯಾರಿಯಲ್ಲಿದ್ದಾನೆ. ತಲೆ ಎತ್ತಲು ಪುರಸೊತ್ತಿಲ್ಲ. ಇನೆಜ್‌ಗೆ ಅವನಿಂದ ಕಾಗದ ಬರದಿದ್ದರೆ ಕಾರಣ ಅದೇ ಎಂದು ತಿಳಿಸಿ.

ನಿಮ್ಮ ಕಾಗದದ ಬಗ್ಗೆ ನಾನು ಆಡಿದ್ದನ್ನೆಲ್ಲ ಕೇಳಿ ಅವನು ಒಂದೇ ಮಾತು ಹೇಳಿದ: "ಅಮ್ಮ, ಮದುವೆ ಆಗ್ತಿರೋದು ನೀವಿಬ್ರಲ್ಲ."

ಆದ್ದರಿಂದ ಕ್ಯಾರಿಯಾಕೂವಿನಲ್ಲೇ ಆಗಲಿ. ಜೂನ್ ಒಂಬತ್ತು, ಶನಿವಾರ. ಎಡೆ ಇಡಿ, ಕುಣಿಯಿರಿ. ಆದರೆ ಗಂಡಿನ ಬಾವುಟ ಬೆವರಿಲ್ಲದೆ ಮೇಲೆ ನಿಲ್ಲಬೇಕು. ನಿಮ್ಮ ಅಕ್ಕನವರಿಗೆ ಹೇಳಿ. ಒಂದು ಪಾತ್ರೆ ಮುದ್ದೆಗಾದರೂ ಬೆಂಡೆಕಾಯಿ ಬೀಳಬೇಕು.

ಅಯಾಂತಿ ಗಿಟ್ಟೆನ್ಸ್


ವಿಂಡ್‌ವರ್ಡ್
30 ಏಪ್ರಿಲ್ 1962

ಬೀಗಿತಿಯವರೇ,

ಬೆಂಡೆಕಾಯಿ ಮಂಜೂರಾಗಿದೆ. ಲಿಟಾಳ ಹೊಲದಲ್ಲಿ ಬಿತ್ತಿದ್ದೂ ಆಯಿತು. "ತಿನ್ನೋದಕ್ಕಲ್ಲ, ತೋರ್ಸೋದಕ್ಕೆ" ಎನ್ನುತ್ತಾಳೆ. "ಇಳಿದು" ಎಂದದ್ದು ದೋಣಿಗೆ, ನಿಮಗಲ್ಲ. ನನ್ನ ನಾಲಿಗೆಗೂ ಒಂದು ಲಂಗರು ಬೇಕಿತ್ತು.

ಇನೆಜ್ ರಜೆಯ ಮೇಲೆ ಬಂದಿದ್ದಾಳೆ. ಕಚೇರಿಯವರು ಎಷ್ಟು ಬೇಡಿಕೊಂಡರೂ ಮದುವೆಯವರೆಗೆ ಬರುವುದಿಲ್ಲ ಎಂದುಬಿಟ್ಟಳಂತೆ. ನಮ್ಮ ಮನೆಯ ಬಾವುಟ ಹೊಲಿಯುತ್ತಿದ್ದಾಳೆ, ಕೆಂಪು ಬಟ್ಟೆಯ ಮೇಲೆ ಹಳದಿ ಅಕ್ಷರ. ಡೆನ್ಜಿಲ್‌ನಿಂದ ಕಾಗದ ಬಂತೇ ಎಂದು ಒಮ್ಮೆಯೂ ಕೇಳುವುದಿಲ್ಲ. ಆದರೆ ಅಂಚೆಯ ದೋಣಿ ಬಂದು ಹೋದ ದಿನ ಅಕ್ಷರ ವಾರೆಯಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಅವನಿಗೆ ಕೆಲಸ ಹೆಚ್ಚೆಂದು ನಾನು ಹೇಳುತ್ತಲೇ ಇದ್ದೇನೆ.

ಇಲ್ಲಿ ಊರು ಖಾಲಿಯಾಗುತ್ತಿದೆ. ಜುಲೈ ಒಂದರಿಂದ ಇಂಗ್ಲೆಂಡಿನವರು ಬಾಗಿಲು ಹಾಕಿಕೊಳ್ಳುತ್ತಾರಂತೆ. ಆಮೇಲೆ ಕೆಲಸದ ಚೀಟಿ ಇದ್ದವರಿಗೆ ಮಾತ್ರ ಒಳಗೆ ಬಿಡುವುದು. ಹುಡುಗರೆಲ್ಲ ಸಿಕ್ಕ ಹಡಗು ಹತ್ತುತ್ತಿದ್ದಾರೆ. ನಾನು ಕಟ್ಟುತ್ತಿರುವ ದೋಣಿಗೆ ಹಲಗೆಯ ಇನ್ನೊಂದು ತುದಿ ಹಿಡಿಯುವವರಿಲ್ಲ. ಪಕ್ಕೆಲುಬು ತೋರಿಸಿಕೊಂಡು ದಡದಲ್ಲಿ ನಿಂತಿದೆ. ನಿಮ್ಮ ಮಗನಿಗೆ ಆ ಗಡಿಬಿಡಿ ಇಲ್ಲ. ಅವನ ಸರ್ಕಾರವೇ ಮನೆ ಬಾಗಿಲಿಗೆ ಬಂದಿದೆ. ಪುಣ್ಯವಂತ.

ಕ್ಲೀಟಸ್


ಸ್ಪೈಟ್ಸ್‌ಟೌನ್
22 ಮೇ 1962

ಶ್ರೀ ಮೆಕ್ಲಾರೆನ್ ಅವರಿಗೆ,

ಕ್ಯಾಪ್ಟನ್ ಬೆಥೆಲ್ ಅವರ ದೋಣಿಯಲ್ಲಿ ಎರಡು ಪೆಟ್ಟಿಗೆ ಕಳುಹಿಸುತ್ತಿದ್ದೇನೆ. ದೊಡ್ಡದರಲ್ಲಿ ಕೇಕು. ಹಣ್ಣುಗಳು ಕ್ರಿಸ್ಮಸ್‌ನಿಂದ ರಮ್ಮಿನಲ್ಲಿ ನೆನೆದಿವೆ, ಅಲುಗಾಡಿಸಬಾರದು. ನನ್ನ ಅಡುಗೆಮನೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ್ದೇನೆ.

ಚಿಕ್ಕದರಲ್ಲಿ ಬಾವುಟ. ನೀವು ಮನೆಯ ಬಾವುಟ ಕೇಳಿದಾಗ ನಮ್ಮ ಮನೆಗೆ ಬಾವುಟ ಎಲ್ಲಿಂದ ತರಲಿ ಎಂದು ಯೋಚಿಸಿದೆ. ಮನೆಯೆಂದರೆ ನಾನು, ಡೆನ್ಜಿಲ್. ಆಮೇಲೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಹಾಡು ಮುಗಿದಾಗ ಹುಡುಗಿಯರ ಪರವಾಗಿ ನನಗೆ ಒಕ್ಕೂಟದ ಬಾವುಟ ಕೊಟ್ಟಿದ್ದರು. ನೀಲಿ ಕಡಲು, ನಾಲ್ಕು ಬಿಳಿ ಅಲೆ, ನಡುವೆ ಕಿತ್ತಳೆ ಸೂರ್ಯ. ಕರ್ಪೂರ ಹಾಕಿ ಜೋಪಾನ ಮಾಡಿದ್ದೆ. ಅದನ್ನು ಬಿಟ್ಟರೆ ಎತ್ತಿ ಹಿಡಿಯುವಂಥದ್ದು ಈ ಮನೆಯಲ್ಲಿ ಇಲ್ಲ. ಕಾಗದದ ಮೇಲೆ ಒಕ್ಕೂಟ ಈ ತಿಂಗಳ ಕೊನೆಗೆ ಮುಗಿಯುತ್ತದೆಂದು ಗೊತ್ತು. ಎಂಟು ದ್ವೀಪಗಳು ಇದೇ ಬಾವುಟವನ್ನು ಮುಂದುವರಿಸುತ್ತವೆಂದು ನನ್ನ ನಂಬಿಕೆ.

ಮಂಡಿನೋವಿನಿಂದ ನಾನು ಬರಲಾರೆ. ಡೆನ್ಜಿಲ್ ವಿಷಯವನ್ನು ಬೇರೆ ಬರೆಯುತ್ತೇನೆ.

ಅಯಾಂತಿ ಗಿಟ್ಟೆನ್ಸ್


ವಿಂಡ್‌ವರ್ಡ್
1 ಜೂನ್ 1962

ಅಯಾಂತಿಯಮ್ಮನವರೇ,

ಕೇಕು ಬಂತು. ಬಾವುಟ ಬಂತು. ಮದುಮಗ ಬರಲಿಲ್ಲ. "ಬೇರೆ" ಕಾಗದವೂ ಬರಲಿಲ್ಲ.

ಬಾವುಟವನ್ನು ಲಿಟಾ ಮಂಗಳವಾರ ಬಿಚ್ಚಿ, ಮಡಿಕೆ ಬಿಡಲೆಂದು ಅಂಗಳದ ಹಗ್ಗಕ್ಕೆ ಹಾಕಿದ್ದಳು. ಊರವರು ಬಂದು ನೋಡಿ ಚೆನ್ನಾಗಿದೆ ಎಂದರು. ನಿನ್ನೆ ಸಂಜೆ ರೇಡಿಯೋದಲ್ಲಿ ಒಕ್ಕೂಟ ಇಂದಿಗೆ ಮುಗಿಯಿತೆಂದು ಓದಿದರು. ಇವತ್ತು ಬೆಳಗ್ಗೆ ಲಿಟಾ ಆ ಹಗ್ಗದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನಿನ್ನೆ ಸತ್ತೋರ ಬಟ್ಟೆ ಇವತ್ತು ಮದ್ವೆ ಮನೇಲಿ ಒಣಗ್ತಾ ಐತೆ. ಇದನ್ನ ಹುಡುಗೀ ಬಾವುಟದ ಮೇಲೆ ಹಾಕ್ತಾರಾ? ನಾನು ಬದುಕಿರೋ ತನಕ ಆಗಲ್ಲ."

"ಅಕ್ಕ, ಅವರು ಪ್ರೀತಿಯಿಂದ ಕಳಿಸಿದ್ದು."

"ಪ್ರೀತಿ ಇದ್ದೋರು ಹುಡುಗನ್ನ ಕಳಿಸ್ತಾರೆ ಕಣೋ!"

ಬೆಥೆಲ್ ಅಲ್ಲೇ ಕೂತು ಹೊಗೆಬತ್ತಿ ಸೇದುತ್ತಿದ್ದ. ಅವನ ಬಾಯಿಂದ ಮಾತು ಜಾರಿತು: "ಹುಡುಗ ಇಂಗ್ಲೆಂಡಿಗೆ ಟಿಕೆಟ್ ಮಾಡ್ಸವ್ನೆ ಅಂತ ಬಂದರಿನಾಗೆ ಎಲ್ರೂ ಹೇಳ್ತಿದ್ರು. ನಿಮ್ಗೂ ಗೊತ್ತಿರ್ಬೇಕು ಅಂದ್ಕಂಡೆ."

ಇನೆಜ್ ಬಾಗಿಲಲ್ಲಿದ್ದಳು. ಸೂಜಿಯಿಂದ ದಾರ ಬಿಡಿಸಿ, ಹೊಲಿಗೆಯನ್ನು ಮಡಿಸಿ ಒಳಗಿಟ್ಟಳು.

ಈಗ ನನ್ನ ಸರದಿ. ಇನೆಜ್ ರಜೆಯ ಮೇಲೆ ಬಂದವಳಲ್ಲ. ಮಾರ್ಚಿನಲ್ಲಿ ಅವಳ ಕೆಲಸ ಹೋಯಿತು. ಟ್ರಿನಿಡಾಡ್ ಹೊರಟ ಮೇಲೆ ಅವಳಿದ್ದ ಮನೆಯವರು, "ಸಣ್ಣ ದ್ವೀಪದವರು ಸಣ್ಣ ದ್ವೀಪಕ್ಕೆ ಹೋಗಿ" ಎಂದು ಪೆಟ್ಟಿಗೆಯನ್ನು ಹೊರಗಿಟ್ಟರು. ದೊಡ್ಡ ಅಧಿಕಾರಿಯಾಗುವ ನಿಮ್ಮ ಮಗನಿಗೆ ಈ ಸುದ್ದಿ ಮುಟ್ಟಿದರೆ ಮದುವೆ ಮುರಿಯುತ್ತದೆಂದು ನಾನು ಬಚ್ಚಿಟ್ಟೆ. ಅವನಿಗೆ ತಿಳಿಸಬೇಡಪ್ಪ ಎಂದು ಅವಳೂ ಬೇಡಿದ್ದಳು.

ಬೆಥೆಲ್ ಈ ಕಾಗದಕ್ಕಾಗಿ ಇಂಜಿನ್ ಹಾಕಿ ಗಾಳಿಗೆ ಎದುರಾಗಿ ಬರುತ್ತಿದ್ದಾನೆ. ಉತ್ತರವನ್ನು ಅವನ ಕೈಯಲ್ಲೇ ಕೊಡಿ. ಒಂಬತ್ತರ ಶನಿವಾರಕ್ಕೆ ನಿಮ್ಮ ಮಗ ಬರುತ್ತಾನೋ ಇಲ್ಲವೋ? ಒಂದು ಪದ ಸಾಕು.

ಕ್ಲೀಟಸ್ ಮೆಕ್ಲಾರೆನ್


ಸ್ಪೈಟ್ಸ್‌ಟೌನ್
6 ಜೂನ್ 1962

ಕ್ಲೀಟಸ್ ಅವರೇ,

ಟಿಕೆಟ್ ನಿಜ. ಕೊಂಡವಳು ನಾನು. ಹದಿನಾಲ್ಕರಂದು ಬ್ರಿಡ್ಜ್‌ಟೌನಿನಿಂದ ಹಡಗು. ಅವನ ಹಳೆಯ ಕೆಲಸ ಹೋಗಿತ್ತು, ಹೊಸ ಕಚೇರಿ ತೆರೆಯಲಿಲ್ಲ. ಅವನು ಫೆಬ್ರವರಿಯಿಂದ ಕೋಣೆ ಬಿಟ್ಟು ಹೊರಬಂದದ್ದು ಕಡಿಮೆ. ಮೊದಲು ಇಂಗ್ಲೆಂಡು, ಆಮೇಲೆ ಹೆಂಡತಿ ಎಂದೆ. ಆಗಲಿ ಎಂದ. "ಕೆಲಸ ಇಲ್ದೋನು ಯಾವ ಮುಖ ಇಟ್ಕೊಂಡು ಅವಳಿಗೆ ಬರೀಲಿ" ಎನ್ನುತ್ತಿದ್ದ.

ನಿಮ್ಮ ಕಾಗದವನ್ನು ಅವನೆದುರು ಜೋರಾಗಿ ಓದಿದೆ. ಇನೆಜ್‌ಳ ಪೆಟ್ಟಿಗೆಯನ್ನು ಹೊರಗಿಟ್ಟರು ಎಂಬಲ್ಲಿ ಎದ್ದು ನಿಂತ.

"ಅವಳದೂ ಹೋಯ್ತಾ? ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅವಳಿಗೆ ಹೇಳಿದ್ಯಾ?"

ಅಂಗಿ ಮಡಿಸತೊಡಗಿದ.

ಒಂದು ಪದ ಕೇಳಿದ್ದಿರಿ. ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಎದುರಿಗೆ ನಿಂತಿದ್ದಾನಲ್ಲ, ಅದೇ ಉತ್ತರ.

ಹದಿನಾಲ್ಕಕ್ಕೆ ಅವನು ಹಡಗಿನಲ್ಲಿರಬೇಕು. ಜುಲೈಗೆ ಮೊದಲು ಬೇರೆ ಹಡಗಿನಲ್ಲಿ ಜಾಗವಿಲ್ಲ. ಬಾವುಟವನ್ನು ಕುಣಿಸಬೇಡಿ. ನಿಮ್ಮ ಅಕ್ಕ ಹೇಳಿದ್ದು ಸರಿ. ಆದರೆ ನನ್ನಲ್ಲಿ ಬೇರೆ ಇಲ್ಲ.

ಅಯಾಂತಿ


ವಿಂಡ್‌ವರ್ಡ್
10 ಜೂನ್ 1962

ಬೀಗಿತಿಯವರೇ (ಈಗ ಹಕ್ಕಿನಿಂದ),

ನಿಮ್ಮ ಮಗ ಶುಕ್ರವಾರ ಮಧ್ಯಾಹ್ನ ದೋಣಿ ದಡ ಮುಟ್ಟುವುದಕ್ಕೂ ಕಾಯದೆ ಪ್ಯಾಂಟು ಮಡಿಸಿ ನೀರಿಗೆ ಇಳಿದ. ನಿಮ್ಮ ಕಾಗದವನ್ನು ತಲೆಯ ಮೇಲೆ ಹಿಡಿದಿದ್ದ. ಇನೆಜ್ ನನ್ನ ಅರೆಬರೆ ದೋಣಿಯ ನೆರಳಲ್ಲಿ ನಿಂತಿದ್ದಳು.

"ಇಂಗ್ಲೆಂಡಿಗೆ ಹೋಗೋ ದಾರೀಲಿ ಇಳಿದ್ಯಾ?"

"ದಾರಿ ತಪ್ಪಿ ಬಂದೆ."

"ದಾರಿ ತಪ್ಪೋದಕ್ಕೂ ಇಷ್ಟು ತಿಂಗಳು ಬೇಕಾಯ್ತಾ ನಿಂಗೆ?"

ಮುಂದಿನದು ನನಗೆ ಕೇಳಿಸಲಿಲ್ಲ. ಮಾತಿಗಿಂತ ಅಳು ಹೆಚ್ಚಿತ್ತು. ಯಾರದೆಂದು ಬರೆಯುವುದಿಲ್ಲ; ಅವನು ನಿಮ್ಮ ಮಗ.

ಬಾವುಟದ ಪಂಚಾಯಿತಿ ಬಾಕಿ ಇತ್ತು. ಹೇಳದೆ ಹಿಂದಕ್ಕೆ ಕಟ್ಟಿ ಕಳುಹಿಸಿಬಿಡೋಣ ಎಂದಿದ್ದೆ. ಲಿಟಾ ಬಿಡಲಿಲ್ಲ. "ಸತ್ತೋರ್ನ ಬೀದೀಲಿ ಕುಣಿಸ್‌ಬಾರ್ದು ಅಂದೆ. ಮನೆಯಿಂದ ಆಚೆ ಹಾಕು ಅಂದ್ನಾ? ಹಿರಿಯರ ಜತೆ ಕೂರ್ಸು. ಅದೂ ಉಣ್ಲಿ." ಎಡೆಯ ಮೇಜಿಗೆ ಬಿಳಿ ಬಟ್ಟೆಯ ಬದಲು ನಿಮ್ಮ ಬಾವುಟ ಹಾಸಿದಳು. ಕಿತ್ತಳೆ ಸೂರ್ಯನ ಮೇಲೆ ಮುದ್ದೆ, ಅಲೆಗಳ ಮೇಲೆ ತೊಗರಿಕಾಳು, ಮೀನು, ಒಂದು ಲೋಟ ರಮ್ಮು. ಬೆಂಡೆಕಾಯಿಯ ಮುದ್ದೆಯನ್ನೂ ಇಟ್ಟಳು. ನಾಲ್ಕೇ ವರ್ಷ ಬದುಕಿದ ಒಕ್ಕೂಟವೆಂಬ ಕೂಸು ನಮ್ಮ ಅಜ್ಜ ಮುತ್ತಜ್ಜಂದಿರ ಪಂಕ್ತಿಯಲ್ಲಿ ಕೂತಿತು. ನನ್ನ ಹೆಂಡತಿ ಅದನ್ನು ಹತ್ತಿರಕ್ಕೆ ಎಳೆದುಕೊಂಡಿರಬೇಕು. ಮಕ್ಕಳನ್ನು ಕಂಡರೆ ಅವಳು ಹಾಗೆ. ಬೆಳಗ್ಗೆ ಬಾಗಿಲು ತೆರೆದು ಲಿಟಾ ಲೋಟ ನೋಡಿದಳು. "ಒಪ್ಪವ್ರೆ" ಎಂದಳು.

ಆದರೆ ಕುಣಿಸಲು ಗಂಡಿನ ಬಾವುಟ? ಲಿಟಾ ಕೇಕಿನ ಪೆಟ್ಟಿಗೆಗೆ ಕೈ ಹಾಕಿ ನೀವು ಸುತ್ತಿದ್ದ ಅಡುಗೆಮನೆಯ ಬಟ್ಟೆಯನ್ನು ಎಳೆದಳು. ಒಂದು ಮೂಲೆಯಲ್ಲಿ ಸಕ್ಕರೆಪಾಕದ ಕಲೆ, ಇನ್ನೊಂದರಲ್ಲಿ ಬಾಣಲೆ ಮುಟ್ಟಿ ಸುಟ್ಟ ಗುರುತು. "ಇದೇ ಅವರ ಮನೆ ಬಾವುಟ. ಒಲೆ ಕಂಡಿರೋದು" ಎಂದು ಬಿದಿರಿಗೆ ಕಟ್ಟಿದಳು. ಹಿಡಿಯುವವರು ಯಾರು? ಗಂಡಿನ ಕಡೆಯ ಸಾಲಿನಲ್ಲಿ ಡೆನ್ಜಿಲ್ ಒಬ್ಬನೇ ನಿಂತಿದ್ದ. ಡೋಲು ಶುರುವಾಯಿತು, ಯಾರೂ ಮುಂದೆ ಬರಲಿಲ್ಲ.

"ಈ ಹುಡುಗನ ಹಿಂದೆ ಯಾರೂ ಇಲ್ವಲ್ರೋ," ಎಂದಳು ಲಿಟಾ. "ಸರ್ಕಾರಾನೂ ಇಲ್ಲ, ನೆಂಟರೂ ಇಲ್ಲ." ನಮ್ಮ ಕೆಂಪು ಬಾವುಟವನ್ನು ನನ್ನ ಕೈಗೆ ತುರುಕಿ, ನಿಮ್ಮ ಬಟ್ಟೆಯನ್ನು ಎತ್ತಿಕೊಂಡು ಆ ಕಡೆಗೆ ದಾಟಿ ನಿಂತಳು. ಅವಳ ಎದುರು ಕುಣಿಯುವ ಶಿಕ್ಷೆ ನನಗೆ. ಊರೇ ನೋಡಿತು. ನಾನು ಸುಮ್ಮನೆ ಸೋಲಲಿಲ್ಲ, ಬೆವರಿಳಿಸಿ ಸೋತೆ. ನಿಮ್ಮ ಷರತ್ತು ಅಷ್ಟರಮಟ್ಟಿಗೆ ಮುರಿಯಿತು, ಕ್ಷಮಿಸಿ. ಸಕ್ಕರೆಪಾಕದ ಕಲೆ ಮೇಲೆ ನಿಂತಿತು.

ಈ ಕಾಗದವನ್ನು ತರುವವರು ಇಬ್ಬರು. ಅವನು ಮೊದಲು ಹೋಗಲಿ, ಅವನು ಕರೆಸಿಕೊಳ್ಳುವವರೆಗೆ ನಿಮ್ಮ ಮನೆಯಲ್ಲಿ ಇರುತ್ತೇನೆ ಎನ್ನುತ್ತಾಳೆ ಇನೆಜ್. ಬೆಥೆಲ್‌ನ ಇಂಜಿನ್ ಕೆಟ್ಟಿದೆ, ಗಾಳಿ ಎದುರು. ಹದಿನಾಲ್ಕಕ್ಕೆ ಮುಟ್ಟಿಸುತ್ತೇನೆಂದು ಅವನು ಆಣೆ ಮಾಡಲಿಲ್ಲ. ನಾನೂ ಮಾಡಿಸಲಿಲ್ಲ. ಜನವರಿಯಲ್ಲಿ ಗಾಳಿಯೂ ಇತ್ತು, ದಿನಗಳೂ ಇದ್ದವು.

ಬಾವುಟ ನನ್ನ ಹತ್ತಿರ ಇದೆ. ಒಗೆದು ಮಡಿಸಿದ್ದೇನೆ. ನಮ್ಮಲ್ಲಿ ಹೂಳಿದ ಕೂಡಲೇ ಗೋರಿಗೆ ಕಲ್ಲು ಹಾಕುವುದಿಲ್ಲ. ವರ್ಷಗಳು ಕಳೆಯುತ್ತವೆ, ಎಲ್ಲರಿಗೂ ಕೂಡಿಬರಬೇಕು, ಆಮೇಲೆ ಊಟ ಹಾಕಿ ಕಲ್ಲು ನಿಲ್ಲಿಸುವುದು. ಅಲ್ಲಿಯವರೆಗೆ ಸತ್ತವರು ಪೂರ್ತಿ ಹೋದಂತಲ್ಲ. ಬರುತ್ತಾರೆ, ಕೇಳುತ್ತಾರೆ, ಅವರ ಮಾತು ನಡೆಯುತ್ತದೆ. ನನ್ನ ಹೆಂಡತಿಗೇ ನಾನಿನ್ನೂ ಕಲ್ಲು ಹಾಕಿಲ್ಲ. ನಿಮ್ಮ ಕೂಸಿಗೂ ಅವಸರ ಬೇಡ.

ಕ್ಲೀಟಸ್


ಸ್ಪೈಟ್ಸ್‌ಟೌನ್
18 ಜೂನ್ 1962

ಬೀಗರೇ,

ಹದಿನಾಲ್ಕರ ಬೆಳಗ್ಗೆಯಿಂದ ನಾನು ಬ್ರಿಡ್ಜ್‌ಟೌನಿನ ಬಂದರಿನಲ್ಲಿ ಕೂತಿದ್ದೆ. ಹಡಗಿನವರು ಡೆನ್ಜಿಲ್‌ನ ಹೆಸರನ್ನು ಮತ್ತೆ ಮತ್ತೆ ಕೂಗಿದರು. ಆಮೇಲೆ ಏಣಿ ಎಳೆದುಕೊಂಡರು. ಬೆಥೆಲ್‌ನ ದೋಣಿ ಬಂದದ್ದು ಹದಿನೈದರ ಮಧ್ಯಾಹ್ನ. ಹಿಂದಿನ ಸಂಜೆ ದೂರದಲ್ಲಿ ಹಡಗಿನ ಹೊಗೆ ಕಂಡೆವು ಎಂದ ಡೆನ್ಜಿಲ್. ಬೈಯುತ್ತೇನೆಂದು ಕಾದು ನಿಂತಿದ್ದ. ನಾನೂ ಬೈಯಲೆಂದೇ ಎದ್ದಿದ್ದೆ.

ಅವನು ದಿನಾ ಕೆಲಸ ಕೇಳಲು ಹೋಗುತ್ತಾನೆ. ಇಲ್ಲ ಎಂದವರ ಹೆಸರುಗಳನ್ನು ಊಟಕ್ಕೆ ಕೂತಾಗ ಹೇಳುತ್ತಾನೆ. ಇನೆಜ್ ನಗುವುದಿಲ್ಲ, ಇಲ್ಲಿ ನಿಲ್ಲಿಸಲು ಟೈಪ್‌ರೈಟರುಗಳೂ ಇಲ್ಲ. ನಿನ್ನೆ ಬೆಂಡೆಕಾಯಿ ಹಾಕದೆ ಮುದ್ದೆ ಮಾಡಿದಳು. ಪೂರ್ತಿ ತಿಂದೆ. ನನ್ನ ಅಡುಗೆಮನೆಯ ಬಟ್ಟೆಯನ್ನು ಬಿದಿರಿನಿಂದ ಬಿಚ್ಚಿ ತಂದಿದ್ದಾಳೆ. ಅದರಲ್ಲಿ ಪಾತ್ರೆ ಒರೆಸಲು ಇಬ್ಬರಿಗೂ ಕೈ ಬರುತ್ತಿಲ್ಲ.

ಬಂದರಿನಲ್ಲಿ ನಡೆದ ಒಂದು ಸಂಗತಿ ಬಿಟ್ಟಿದ್ದೆ. ದೋಣಿಯಿಂದ ಇಳಿದವರನ್ನು ಅಧಿಕಾರಿ ಸಾಲಾಗಿ ನಿಲ್ಲಿಸಿದ. ಡೆನ್ಜಿಲ್‌ನನ್ನು ಬಿಟ್ಟ, ಇನೆಜ್‌ಳನ್ನು ತಡೆದ.

"ಯಾವ ದೇಶ?"

"ಕ್ಯಾರಿಯಾಕೂ."

"ಅದು ದೇಶ ಅಲ್ಲಮ್ಮ."

"ಹೋದ ತಿಂಗಳು ನಿಮ್ಮದೂ ನಮ್ಮದೂ ಒಂದೇ ಇತ್ತಲ್ಲಣ್ಣ."

"ಹೋದ ತಿಂಗಳ ಮಾತು ಬಿಡಿ. ಇಲ್ಲಿ ನಿಮ್ಮ ಜವಾಬ್ದಾರಿ ಯಾರದು?"

ಆಗ ನಾನು ಕೋಲೂರಿಕೊಂಡು ಮುಂದೆ ಹೋದೆ. ನನ್ನನ್ನು ಕಂಡು ಅವನು ಟೊಪ್ಪಿಗೆ ತೆಗೆದ. ಅವನ ಇಬ್ಬರು ಅಕ್ಕಂದಿರೂ ನನ್ನ ಶಾಲೆಯಲ್ಲಿ ಓದಿದವರು. ದೊಡ್ಡವಳು ಆ ದಿನ ಹಾಡಿದ ಹುಡುಗಿಯರಲ್ಲಿ ಒಬ್ಬಳು.

"ನನ್ನದು" ಎಂದೆ.

"ನಿಮ್ಗೇನಾಗ್ಬೇಕು ಟೀಚರ್ ಇವ್ರು?"

"ಸೊಸೆ."

"ಸರಿ ಟೀಚರ್. ಎಷ್ಟು ದಿನ ಇರ್ತಾರೆ ಅಂತ ಬರ್ಕೊಳ್ಲಿ?"

"ಕಲ್ಲು ಹಾಕೋವರೆಗೆ."

ಅವನು ನನ್ನ ಮುಖ ನೋಡಿದ. ವಯಸ್ಸಾಯಿತು ಎಂದುಕೊಂಡಿರಬೇಕು. ಮೂವತ್ತು ದಿನ ಎಂದು ಬರೆದು ಮುದ್ರೆ ಒತ್ತಿದ.

ನಿಮ್ಮ ಬೀಗಿತಿ,
ಅಯಾಂತಿ